ಕರಡಿ ಎದುರಾದ ಕಾಲುದಾರಿ

ದೇವರಾಯನದುರ್ಗಕ್ಕೆ ಬರುವ ಭಕ್ತರಿಗೆ ಮಜ್ಜಿಗೆ ಮಾರುತ್ತಿದ್ದವಳು ನಮ್ಮತ್ತೆ ಚಿಕ್ಕಗಂಗಮ್ಮ. ಗಂಡ ಮೂಡಲಗಿರಿಯಪ್ಪ ತುಮಕೂರಿನ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಬೆಳಕು ಹರಿಯುತ್ತಲೇ ಅತ್ತೆ ಮಜ್ಜಿಗೆ ತುಂಬಿದ ಅಲ್ಯೂಮಿನಿಯಂ ಕೊಡ ತಲೆ ಮೇಲಿಟ್ಟುಕೊಂಡು, ಸೌತೆಕಾಯಿ ಮಾರುವ ಪಕ್ಕದ ಮನೆಯ ತಿಪ್ಪಮ್ಮನ ಜೊತೆ ಕಾಡಿನ ಕಾಲುದಾರಿ ಹಿಡಿದು ಬೆಟ್ಟ ಹತ್ತುವಳು.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆ. ಬಂಡೆ ಪಕ್ಕದ ತಿರುವಿನಲ್ಲಿ, ಮರಿಯನ್ನು ಬೆನ್ನ ಮೇಲೆ ಹೊತ್ತ ಕರಡಿಯೊಂದು ಎದುರಾಯಿತು. ಮುಂದಿದ್ದ ತಿಪ್ಪಮ್ಮ ಹಾಗೇ ನಿಂತುಬಿಟ್ಟಳು. ಕರಡಿ ಅವಳ ಮೇಲೆ ಎರಗುವಷ್ಟರಲ್ಲಿ ಅತ್ತೆ ತುಂಬಿದ ಕೊಡವನ್ನೆತ್ತಿ ಅದರ ಮೂತಿಗೆ ಅಪ್ಪಳಿಸಿದಳು. ಅದು ತಿರುಗಿ ಇವಳ ಭುಜ ಸೀಳಿತು. ಅತ್ತೆ ಬರಿಗೊಡವನ್ನು ಬಂಡೆಗೆ ಬಡಿಯುತ್ತಾ ಅರಚಿದಳು. ಆ ಸದ್ದಿಗೆ ಕರಡಿ ಪೊದೆಯೊಳಗೆ ನುಗ್ಗಿತು.

"ಆಗ ನೋವೇ ಗೊತ್ತಾಗ್ನಿಲ್ಲ ಕಣೇ," ಎಂದು ಅತ್ತೆ ನನಗೆ ಹೇಳಿದ್ದಳು. "ಅಯ್ಯೋ, ಮಜ್ಜಿಗೆ ಚೆಲ್ಲೋಯ್ತಲ್ಲ ಅಂತ ಅದೊಂದೇ ಯೋಚ್ನೆ. ತಿಪ್ಪಮ್ಮನ್ನ ಹಿಡ್ಕೊಂಡು ಊರ್ಗಂಟ ನಡ್ದೆ. ಮನೆ ಹೊಸ್ಲು ದಾಟಿದ್ ಮ್ಯಾಕೆ ಮೈಯೆಲ್ಲ ಗಡಗಡ. ಕುಂತೋಳು ಏಳಕ್ಕಾಗ್ನಿಲ್ಲ."

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಗಾಯ ಮಾಯ್ದ ಮೇಲೂ ಕಾಲುದಾರಿ ಕಂಡರೆ ಸಾಕು, ಅತ್ತೆಗೆ ಎದೆ ಹೊಡೆದುಕೊಳ್ಳುತ್ತಿತ್ತು, ಬಾಯಿ ಒಣಗುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ಬೆಚ್ಚಿಬೀಳುವಳು. ಗಾಳಿ ಸೋಕಿದೆ ಎಂದು ಯಾರೋ ತಾಯತ ಕಟ್ಟಿಸಿದರು.

"ಬೆಟ್ಟದ ಸಾವಾಸ ಬುಟ್ಬುಡು. ನಾನ್ ದುಡಿಯಾಕಿಲ್ವಾ?" ಎಂದ ಗಂಡ.

"ನನ್ ಮೈ ನನ್ ಮಾತೇ ಕೇಳ್ತಿಲ್ಲ ಕಣಯ್ಯ. ಹಿಂಗೇ ಬುಟ್ರೆ ನಾಳೆ ಬಾಗ್ಲು ದಾಟಾಕೂ ಬುಡಾಕಿಲ್ಲ."

ಮಾರನೆಯ ದಿನ ಅತ್ತೆ ತಿಪ್ಪಮ್ಮನನ್ನು ಕರೆದುಕೊಂಡು ಬೆಟ್ಟದ ಬುಡದ ಹುಣಸೆಮರದವರೆಗೆ ಹೋದಳು. ಅಷ್ಟಕ್ಕೇ ಸೀರೆ ಬೆವರಿನಿಂದ ಒದ್ದೆ.

"ವಾಪಸ್ ಹೋಗಣ್ವಾ?" ಎಂದಳು ತಿಪ್ಪಮ್ಮ.

"ತಡಿ, ಎದೆ ಸುಮ್ಕಾಗ್ಲಿ. ಈಗ್ಲೇ ಓಡೋದ್ರೆ ನಾಳೆ ಇನ್ನೂ ಜಾಸ್ತಿ ಆಯ್ತದೆ."

ಇಬ್ಬರೂ ಎಲೆಅಡಿಕೆ ಹಾಕಿಕೊಂಡು ಊರ ಮಾತಾಡುತ್ತಾ ಕುಳಿತರು. ಉಸಿರು ಹದಕ್ಕೆ ಬಂದ ಮೇಲೆಯೇ ಎದ್ದರು. ಆ ಮರ ಅಭ್ಯಾಸವಾದ ಮೇಲೆ ಇನ್ನಷ್ಟು ಮೇಲೆ. ಕರಡಿ ಕಂಡ ತಿರುವಿಗೆ ಮೊದಲ ಸಲ ಬಂದಾಗ ಅತ್ತೆ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಅದೇ ಬಂಡೆಗೆ ಒರಗಿ ಕುಳಿತಳು. ಮರುದಿನ ಮತ್ತೆ ಬಂದಳು.

ಶ್ರಾವಣ ಶನಿವಾರದ ಹೊತ್ತಿಗೆ ಹೊಸ ಕೊಡ ಹೊತ್ತು ಬೆಟ್ಟದ ಮೇಲಿದ್ದಳು. ಎದೆ ಹೊಡೆದುಕೊಳ್ಳುವುದು ಪೂರ್ತಿ ನಿಂತಿರಲಿಲ್ಲ. "ಹೊಡ್ಕೊಂಡ್ರೆ ಹೊಡ್ಕೊಳ್ಲಿ, ಕಾಲು ನಡೀತವಲ್ಲ," ಎನ್ನುವಳು. ಆ ದಿನ ಗಿರಣಿಗೆ ರಜೆ ಹಾಕಿ ಮೂಡಲಗಿರಿಯಪ್ಪನೂ ಬಂದಿದ್ದ. ಮಜ್ಜಿಗೆ ಕುಡಿದವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದ: "ಕರಡಿ ಮೂತಿಗೆ ಹೊಡ್ದೋಳು ಇವ್ಳೇ ಕನ್ರೀ. ನನ್ನೆಂಡ್ರು!"

"ಸುಮ್ಕಿರಯ್ಯ," ಎಂದು ಅತ್ತೆ ಗದರಿದಳು. "ಜನ ಕಾಯ್ತಾವ್ರೆ, ಲೋಟ ತೊಳ್ದುಕೊಡು."