ಕಾರಿಗೆ ಆಯ ನೋಡಿದ್ದು

ಭಾವ ಇಂಗ್ಲಿಷ್ ಮ್ಯಾಗಜೀನೊಂದನ್ನು ಕಂಕುಳಲ್ಲಿ ಇರುಕಿಕೊಂಡು ಮತ್ತಿಕೆರೆಯ ನಮ್ಮ ಮನೆಗೆ ಬಂದ ದಿನವೇ ನಾನು ಹಿತ್ತಿಲ ಬಾಗಿಲಿನಿಂದ ಓಡಿಹೋಗಬೇಕಿತ್ತು. ಅರವತ್ತರ ದಶಕದ ಶುರು. ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದೆವು. ಅಕ್ಕನ ಗಂಡನಾದ ಅವರು ಡ್ರಾಯಿಂಗ್ ಮೇಜಿನ ಮುಂದೆ, ನಾನು ಅರ ಹಿಡಿದು ಕಬ್ಬಿಣ ಉಜ್ಜುವ ಅಪ್ರೆಂಟಿಸು. ಮ್ಯಾಗಜೀನಿನ ನಡುಪುಟದಲ್ಲಿ ಸ್ಪೋರ್ಟ್ಸ್ ಕಾರಿನ ಚಾಸಿಯ, ಎಂದರೆ ಅಡಿಯ ಚೌಕಟ್ಟಿನ, ನಕ್ಷೆಯಿತ್ತು, ಮನೆಯಲ್ಲೇ ಮಾಡಿಕೊಳ್ಳಿ ಎಂದು.

"ಒಂದೊಂದು ಅಳತೇನೂ ಕೊಟ್ಟಿದ್ದಾರೆ ಕಣೋ. ಅಡುಗೆ ಮಾಡಿದಷ್ಟೇ ಸುಲಭ" ಎಂದರು ಭಾವ. ಅವರು ಅಡುಗೆ ಮಾಡಿದ್ದನ್ನು ನಾನಂತೂ ನೋಡಿರಲಿಲ್ಲ.

ಆದರೂ ನಂಬಿದೆ. ಸೈಕಲ್ಲು ಮಾರಿ, ಗುಜರಿಯಿಂದ ಹಳೆಯ ಪುಟ್ಟ ಕಾರೊಂದರ ಎರಡು ಆಕ್ಸಲ್ಲು, ನಾಲ್ಕು ಚಕ್ರ ತಂದೆ. ಅವತ್ತಿನಿಂದ ಕಾರ್ಖಾನೆಗೆ ನಡೆದೇ ಹೋಗುತ್ತಿದ್ದೆ. ಕಾರಿನ ಒಡೆಯನಾಗುವವನು ನಡೆಯಲೇಬೇಕಲ್ಲ! ಅಪ್ಪ ಎತ್ತುಗಳನ್ನು ಹೊರಗೆ ಕಟ್ಟಿ ಕೊಟ್ಟಿಗೆ ಬಿಟ್ಟುಕೊಟ್ಟರು, ಒಂದು ಷರತ್ತಿನ ಮೇಲೆ.

"ಆಯುಧಪೂಜೆ ದಿನ ಅದು ನಾಕು ಚಕ್ರದ ಮ್ಯಾಲೆ ನಿಂತಿರ್ಬೇಕು. ಇಲ್ದಿದ್ರೆ ಅಷ್ಟನ್ನೂ ಗುಜರಿಗೆ ಆಕ್ತೀನಿ. ಎತ್ತು ಬಿಸ್ಲಲ್ಲಿ ನಿಂತವೆ ಕಣ್ಲಾ."

ನಕ್ಷೆ ಕೇಳಿದ ಚೌಕದ ಪೈಪು ಸಿಗದೆ ಆಂಗಲ್ ಕಬ್ಬಿಣ ತಂದೆವು. ಸಂಜೆಸಂಜೆ ಕುಯ್ದಿಟ್ಟೆವು. ಬೆಸೆಯುವುದಕ್ಕೆ ಯಶವಂತಪುರದ ವೆಲ್ಡಿಂಗ್ ಸಾಹೇಬರು ಗ್ಯಾಸ್ ಸಿಲಿಂಡರನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದರು. ನಾವು ಡ್ಯೂಟಿಯಿಂದ ಬರುವಷ್ಟರಲ್ಲಿ ಚಾಸಿ ಸಿದ್ಧ. ಆಕ್ಸಲ್ಲನ್ನು ಅದರ ಕೆಳಕ್ಕೆ ಎಳೆದು ಎತ್ತಿ ಹಿಡಿದರೆ, ಆಕ್ಸಲ್ಲಿನ ಸ್ಪ್ರಿಂಗ್ ಪಟ್ಟಿ ಒಂದು ಕಡೆ, ಅದು ಕೂರಬೇಕಾದ ಜಾಗ ಇನ್ನೊಂದು ಕಡೆ. ಚಾಸಿಯೇ ನಾಲ್ಕು ಬೆರಳು ಅಗಲವಾಗಿಬಿಟ್ಟಿತ್ತು. ಪೂಜೆಗೆ ಉಳಿದಿದ್ದು ಎರಡೇ ದಿನ.

ಸಾಹೇಬರು ಜಗಲಿ ಕಡೆ ಕೈ ತೋರಿಸಿದರು. "ಯಜಮಾನ್ರು ಅಗಲ ಜಾಸ್ತಿ ಮಾಡು ಅಂದ್ರು. ದೊಡ್ಡೋರ ಮಾತು. ಅಡ್ಡಪಟ್ಟಿ ಬದಲಾಯ್ಸಿ ಮಾಡ್ದೆ."

"ಊಂ, ನಾನೇ ಯೋಳ್ದೆ" ಎಂದರು ಜಗಲಿಯ ಮೇಲಿದ್ದ ಅಪ್ಪ. "ನಿಮ್ ಪುಸ್ತಕದ ಅಳತೆಗೆ ಕತ್ತೆ ಆಯ ಬರ್ತದೆ."

ಮನೆ ಕಟ್ಟುವವರು ಉದ್ದ ಅಗಲ ಗುಣಿಸಿ, ಭಾಗಿಸಿ, ಉಳಿದ ಶೇಷದಿಂದ ಆಯ ನೋಡುತ್ತಾರೆ. ಸಿಂಹ, ಆನೆ, ವೃಷಭ ಬಂದರೆ ಒಳ್ಳೆಯದು. ನಾಯಿ, ಕತ್ತೆ, ಕಾಗೆ ಬಂದರೆ ಕೇಡು. ನಮ್ಮಪ್ಪ ಬಚ್ಚಲುಮನೆಗೂ ಆಯ ನೋಡಿದ ಮನುಷ್ಯ.

"ಅಪ್ಪ, ಇದು ಕಾರು!"

"ಒಳಗೆ ಕೂತ್ಕಳಾದು ಮನುಸ್ರೇ ತಾನೆ?"

ನಮ್ಮ ಮನೆಯಲ್ಲಿ ಮಾವ ಅಳಿಯನನ್ನು ಬೈಯುವ ಹಾಗಿಲ್ಲ, ಅಳಿಯ ಮಾವನಿಗೆ ಎದುರಾಡುವ ಹಾಗಿಲ್ಲ. ಹಾಗಾಗಿ ಮೂರು ಮಾರು ದೂರದಲ್ಲಿದ್ದ ಇಬ್ಬರೂ ನನ್ನ ಮೂಲಕವೇ ಜಗಳವಾಡತೊಡಗಿದರು.

"ಮಾವನವರಿಗೆ ಹೇಳೋ, ಇಂಜಿನಿಯರಿಂಗ್‌ನಲ್ಲಿ ಕತ್ತೆ ಬರಲ್ಲ ಅಂತ."

"ಅಳಿಯಂದ್ರಿಗೆ ಯೋಳ್ಲಾ, ಬಿಳೀ ಜನಕ್ಕೆ ಆಯ ಗೊತ್ತಿಲ್ದಿದ್ರೆ ನಾವೇನ್ ಮಾಡಾನ ಅಂತ."

ತಲೆ ಕೆಟ್ಟು, ಒಬ್ಬೊಬ್ಬರ ಮಾತನ್ನೂ ಅವರವರ ದನಿಯಲ್ಲೇ ತಲುಪಿಸಿದೆ. ಭಾವನದ್ದಕ್ಕೆ ಇಲ್ಲದ ಕನ್ನಡಕ ಮೇಲೇರಿಸಿ ಮೂಗಿನಲ್ಲಿ ಹೇಳಿದೆ. ಅಪ್ಪನದ್ದಕ್ಕೆ ಮೊದಲು ಕೆಮ್ಮಿ, ಪಂಚೆ ಝಾಡಿಸಿ. ಸಾಹೇಬರು ಗೋಡೆಗೆ ಮುಖ ಮಾಡಿ ಭುಜ ಕುಣಿಸಿದರು. ಮಾವ ಅಳಿಯ ಒಟ್ಟಿಗೇ ನನ್ನನ್ನು ಬೈದರು. ಅಷ್ಟರಮಟ್ಟಿಗೆ ರಾಜಿಯಾಯಿತು.

ಕಾರೂ ಇಲ್ಲ, ಸೈಕಲ್ಲೂ ಇಲ್ಲ, ಇನ್ನು ಜೀವನವಿಡೀ ನಡಿಗೆಯೇ ಎಂಬ ಸಿಟ್ಟಿನಲ್ಲಿ ಇದ್ದಲಚೂರು ತೆಗೆದುಕೊಂಡು ಕೊಟ್ಟಿಗೆ ಗೋಡೆಯ ಮೇಲೆ ಲೆಕ್ಕಕ್ಕೆ ಕೂತೆ. ನನ್ನ ಗಣಿತವನ್ನು ಕುರಿತು ಮೇಷ್ಟ್ರು ಆಡುತ್ತಿದ್ದ ಮಾತು ಅಚ್ಚಿಗೆ ತಕ್ಕುದಲ್ಲ. ಅಗಲ ಪುಸ್ತಕದಲ್ಲಿದ್ದಷ್ಟೇ ಇರಲಿ, ಉದ್ದ ಬೆಳೆದರೆ? ನಾಯಿ ಬಂತು. ಇನ್ನಷ್ಟು ಬೆಳೆಸಿದೆ, ಕಾಗೆ. ಅಳಿಸಿ, ಉಗುಳಿ, ಮತ್ತೆ ಗುಣಿಸಿದೆ. ಕೊನೆಗೆ ಆನೆ ಬಂತು! ಮೂತಿಗೆ ಗೇಣುದ್ದದ ಆಂಗಲ್ ತುಂಡೊಂದನ್ನು ಚಾಚಿಸಿದರೆ ಸಾಕಿತ್ತು.

"ಅದು ನಕ್ಷೇಲಿ ಇಲ್ಲವಲ್ಲೋ" ಎಂದರು ಭಾವ.

"ಭಾವ, ನಕ್ಷೇಲಿ ಅಪ್ಪಾನೂ ಇಲ್ಲ!"

ಸಾಹೇಬರು ಬೆಸೆದದ್ದನ್ನೆಲ್ಲ ಬಿಡಿಸಿದರು, ನಾನು ಅಂಗೈ ಬೊಬ್ಬೆ ಒಡೆಯುವ ತನಕ ಅರ ಹಾಕಿದೆ, ಭಾವ ಟೇಪು ಹಿಡಿದು ನಿಟ್ಟುಸಿರು ಬಿಟ್ಟರು. ಹಬ್ಬದ ಬೆಳಿಗ್ಗೆ ಕೊನೆಯ ಚಕ್ರ ಕೂತಿತು. ಅಪ್ಪ ನಮ್ಮ ಟೇಪನ್ನು ನಂಬದೆ ದಾರ ಹಿಡಿದು ಅಳೆದರು. ಬೆರಳ ಗೆಣ್ಣುಗಳ ಮೇಲೆ ಎಣಿಸಿದರು, ತಡೆದರು, ಮೊದಲಿನಿಂದ ಎಣಿಸಿದರು. ನಾನು ಉಸಿರು ಹಿಡಿದೆ.

"ಆನೆ" ಎಂದರು. ಚಾಚಿದ ತುಂಡಿಗೆ ಕುಂಕುಮ ಇಟ್ಟು, ಮುಂದೆ ಬೂದುಗುಂಬಳ ಒಡೆದರು. "ಇರ್ಲಿ ಬಿಡು, ಕೊಟ್ಟಿಗೇಲೇ ಇರ್ಲಿ."

ನಾನಿನ್ನೂ ಉಸಿರು ಬಿಟ್ಟಿರಲಿಲ್ಲ, ಅಪ್ಪ ಪಂಚೆ ಎತ್ತಿ ಕಟ್ಟಿ, ಚಾಸಿಗೆ ಅಡ್ಡವಾಗಿ ಹಲಗೆಯೊಂದನ್ನು ಹಾಕಿ ಕೂತೇಬಿಟ್ಟರು. ಇಂಜಿನ್ನಿಲ್ಲ, ಸ್ಟಿಯರಿಂಗಿಲ್ಲ, ಬ್ರೇಕಂತೂ ಇಲ್ಲ.

"ತಳ್ಳಲಾ, ಕೆರೆ ಏರಿ ಗಂಟ ಓಗ್ಬರಾನ" ಎಂದು ನನಗೆ ಹೇಳಿ, ಹಿಂದಕ್ಕೆ ತಿರುಗಿ ದನಿ ತಗ್ಗಿಸಿದರು. "ಅಳಿಯಂದ್ರೇ, ನೀವ್ ಇದ್ರ ಮ್ಯಾಲೆ ಸುಮ್ಕೆ ಕೈ ಮಡಿಕ್ಕಂಡು ಬನ್ನಿ ಸಾಕು."

ಭಾವ ಮಾವನ ಮಾತು ಮೀರುವವರಲ್ಲ. ನಾನು ತಳ್ಳುತ್ತಿದ್ದರೆ, ಅವರು ಏರಿಯವರೆಗೂ ಚಾಸಿಯ ಮೇಲೆ ಸುಮ್ಮನೆ ಕೈ ಇಟ್ಟುಕೊಂಡೇ ಬಂದರು.