ನಾವೇ ಹಾಕಿದ ರಸ್ತೆಯನ್ನು ಕಡಿದ ದಿನ

ತೊಂಬತ್ತರ ದಶಕದ ಮಧ್ಯಭಾಗದಲ್ಲಿ ನಾನು ದುಬೈಯ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಸೆಕ್ಷನ್ ಎಂಜಿನಿಯರ್ ಆಗಿದ್ದೆ. ಕಂಪನಿಯ ಕಚೇರಿ ದೇರಾದಲ್ಲಿತ್ತು. ನನ್ನ ಕೆಲಸ ಮಾತ್ರ ಅಲ್ಲಿಂದ ಬಹಳ ದೂರ, ಹಜರ್ ಬೆಟ್ಟಸಾಲಿನ ಬುಡದಲ್ಲಿ. ಅದೂ ದುಬೈ ಆಡಳಿತಕ್ಕೇ ಸೇರಿದ ನೆಲ. ಆದರೆ ಅಲ್ಲಿದ್ದದ್ದು ಬೋಳು ಕಲ್ಲುಬೆಟ್ಟ, ಖರ್ಜೂರದ ತೋಟಗಳು, ಆಡುಗಳು ಮತ್ತು ಒಂದು ಸಣ್ಣ ಹಳ್ಳಿ. ಹಳ್ಳಿಯನ್ನು ಹೆದ್ದಾರಿಗೆ ಸೇರಿಸುವ ರಸ್ತೆಯ ಕೊನೆಯ ಭಾಗ ನನ್ನ ಪಾಲಿಗೆ ಬಂದಿತ್ತು.

ಈ ರಸ್ತೆ ಒಂದು ವಾದಿಯನ್ನು ದಾಟಬೇಕಿತ್ತು. ನಮ್ಮಲ್ಲಿ ವಾದಿ ಎಂದರೆ ಕೋರ್ಟು ಹತ್ತಿದವನು. ಅರಬ್ಬಿಯಲ್ಲಿ ಅದು ಒಣ ಹೊಳೆ. ವರ್ಷಗಟ್ಟಲೆ ಬರೀ ಉರುಟುಕಲ್ಲು ತುಂಬಿಕೊಂಡು ಮಲಗಿರುತ್ತದೆ. ಬೆಟ್ಟದ ಮೇಲೆ ಚಳಿಗಾಲದ ಮಳೆ ಸುರಿದರೆ, ಕೆಳಗೆ ಬಿಸಿಲಿದ್ದಾಗಲೂ ನೀರು ಗೋಡೆಯಂತೆ ಇಳಿದು ಬರುತ್ತದೆ. ಬೆಟ್ಟದಲ್ಲಿ ನೀರು ಹಿಡಿದಿಡುವ ಮಣ್ಣಾಗಲಿ ಗಿಡವಾಗಲಿ ಇಲ್ಲ. ಬಿದ್ದದ್ದೆಲ್ಲ ಒಟ್ಟಿಗೇ ಹರಿಯುತ್ತದೆ.

ವಾದಿಯ ನಡುವೆ ಕಾಂಕ್ರೀಟಿನ ಬಾಕ್ಸ್ ಕಲ್ವರ್ಟ್ ಕಟ್ಟುವ ಕೆಲಸ ನಡೆದಿತ್ತು. ಕಲ್ವರ್ಟ್ ಎಂದರೆ ರಸ್ತೆಯಡಿ ನೀರು ದಾಟುವ ದೊಡ್ಡ ಮೋರಿ. ಅದು ಮುಗಿಯುವ ತನಕ ನೀರಿಗೆಂದು ರಸ್ತೆಯ ಮಣ್ಣಿನ ಏರಿಯೊಳಗೆ ತಾತ್ಕಾಲಿಕ ಪೈಪುಗಳನ್ನು ಇಟ್ಟಿದ್ದೆವು. ಮಿಕ್ಕ ಉದ್ದಕ್ಕೂ ಮಣ್ಣು ತುಂಬಿ, ಏರಿ ಎತ್ತರಿಸಿ, ಮೇಲೆ ಡಾಂಬರನ್ನೂ ಹಾಕಿಯಾಗಿತ್ತು. ಏರಿಯ ಮೇಲ್ಗಡೆ, ಬೆಟ್ಟದ ಕಡೆಗೆ, ಹಳ್ಳಿಯ ಮನೆಗಳು. ಕೆಳಗಡೆ ಒಂದು ಹಳೆಯ ಖರ್ಜೂರದ ತೋಟ.

ಚಳಿಗಾಲಕ್ಕೆ ಮೊದಲು ನಡೆದ ಸೈಟ್ ಮೀಟಿಂಗಿನಲ್ಲಿ ನಾನು ಒಂದು ಮಾತು ಎತ್ತಿದ್ದೆ. ಕಲ್ವರ್ಟ್ ಮುಗಿಯುವವರೆಗೆ ಏರಿಯಲ್ಲಿ ಒಂದು ಕಡೆ ತಗ್ಗು ಬಿಡೋಣ, ಅಲ್ಲಿ ಡಾಂಬರು ಬೇಡ, ಬರೀ ಮರಳಿರಲಿ. ನೀರು ಜಾಸ್ತಿಯಾದರೆ ಅಲ್ಲೇ ಕೊಚ್ಚಿಕೊಂಡು ಹೋಗಲಿ ಎಂದೆ. ಎಂಜಿನಿಯರಿಂಗ್‌ನಲ್ಲಿ ಇದಕ್ಕೆ ಫ್ಯೂಸ್ ಪ್ಲಗ್ ಎನ್ನುತ್ತಾರೆ. ಮನೆಯ ಕರೆಂಟಿನ ಫ್ಯೂಸಿನಂತೆಯೇ, ದೊಡ್ಡದು ಉಳಿಯಲಿ ಎಂದು ಸಣ್ಣದನ್ನು ಸುಡಲು ಬಿಡುವುದು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಲೆಬನಾನಿನವರು, ಕೆಲಸದಲ್ಲಿ ಪಳಗಿದವರು. ಅವರು ನಕ್ಕು, "ಇದು ಮರುಭೂಮಿ, ಹಾಲೆಂಡ್ ಅಲ್ಲ. ತಗ್ಗು ಬಿಟ್ಟ ರಸ್ತೆಯನ್ನು ಸರ್ಕಾರದ ಕನ್ಸಲ್ಟೆಂಟಿಗೆ ಹೇಗೆ ತೋರಿಸಲಿ?" ಎಂದರು. ಮಾತು ಅಲ್ಲಿಗೇ ಖಲಾಸ್.

ಆದರೆ ನೆರೆಯ ಮುಂಜಾಗ್ರತೆಗೆ ಅವರು ಬೇಡ ಎನ್ನಲಿಲ್ಲ. ಬೆಟ್ಟದಲ್ಲಿ ಮೋಡ ಕಂಡರೆ ವಾದಿಯ ಮೇಲ್ಭಾಗದಲ್ಲಿ ರೇಡಿಯೋ ಸಮೇತ ಒಬ್ಬನನ್ನು ಕೂರಿಸುವುದು, ಅವನಿಂದ ಸುದ್ದಿ ಬಂದ ಕೂಡಲೇ ಕೆಲಸಗಾರರನ್ನು ಮೇಲೆ ಹತ್ತಿಸುವುದು, ಯಂತ್ರಗಳನ್ನು ಎತ್ತರದ ಜಾಗಕ್ಕೆ ಒಯ್ಯುವುದು, ಇಷ್ಟನ್ನು ಗೊತ್ತುಮಾಡಿದ್ದೆವು. ಅಭ್ಯಾಸವನ್ನೂ ಮಾಡಿಸಿದ್ದೆವು. ಅದರ ಉಸ್ತುವಾರಿ ಫೆಲಿಕ್ಸ್ ಅವರದು. ಶಿರ್ವದ ಕಡೆಯ ಕೊಂಕಣಿ ಕ್ರಿಶ್ಚಿಯನರಾದ ಅವರು ಯಂತ್ರಗಳ ಫೋರ್‌ಮನ್. ನಾನು ಬಾಗಲಕೋಟೆಯವನು. ನಮ್ಮಿಬ್ಬರ ಕನ್ನಡ ಒಬ್ಬರಿಗೊಬ್ಬರಿಗೆ ತಮಾಷೆಯಾಗಿ ಕೇಳುತ್ತಿತ್ತು.

ಮಳೆ ಬಂದದ್ದು ಒಂದು ಮಧ್ಯಾಹ್ನ. ಬೆಳಗ್ಗೆಯೇ ಬೆಟ್ಟದ ತುದಿಗಳು ಮೋಡದಲ್ಲಿ ಮುಚ್ಚಿಹೋಗಿದ್ದವು. ರೇಡಿಯೋದಲ್ಲಿ ಸುದ್ದಿ ಬಂತು. ಕಲ್ವರ್ಟಿನೊಳಗೆ ಕಂಬಿ ಕಟ್ಟುತ್ತಿದ್ದವರೆಲ್ಲ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಹತ್ತಿ ಬಂದರು. ಫೆಲಿಕ್ಸ್ ಹೆಸರು ಹಿಡಿದು ಕೂಗಿ, ಎಲ್ಲರೂ ಬಂದರೆಂದು ಖಾತ್ರಿ ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ಕಂದು ಬಣ್ಣದ ನೀರು ಕಲ್ಲುಗಳನ್ನು ಗುಡುಗುಡು ಉರುಳಿಸುತ್ತ ಬಂತು. ಅಷ್ಟರವರೆಗೆ ಎಲ್ಲವೂ ನಾವು ಅಂದುಕೊಂಡಂತೆಯೇ ನಡೆದಿತ್ತು.

ಅಂದುಕೊಳ್ಳದೆ ಇದ್ದದ್ದು ಆಮೇಲೆ ನಡೆಯಿತು. ನೀರಿನ ಜೊತೆ ಮುಳ್ಳುಮರಗಳು, ಖರ್ಜೂರದ ಗರಿಗಳು, ಯಾರದೋ ಆಡಿನ ದೊಡ್ಡಿಯ ತಂತಿಬೇಲಿ ತೇಲಿ ಬಂದು ಪೈಪುಗಳ ಬಾಯಿಗೆ ಸಿಕ್ಕಿಕೊಂಡವು. ಕಲ್ವರ್ಟಿನ ಒಳಗೆ ಸೆಂಟ್ರಿಂಗ್ ಹಲಗೆಗಳಿದ್ದವು. ಅದರ ಬಾಯಿಯೂ ಕಟ್ಟಿಕೊಂಡಿತು. ನಮ್ಮ ರಸ್ತೆ ಈಗ ರಸ್ತೆಯಾಗಿ ಉಳಿದಿರಲಿಲ್ಲ, ಅಣೆಕಟ್ಟಾಗಿತ್ತು. ನೀರು ಹಿಂದಕ್ಕೆ ಸರಿಯುತ್ತ ಹಳ್ಳಿಯ ಕಡೆ ಏರತೊಡಗಿತು.

ಹಳ್ಳಿಯ ಹಿರಿಯರಾದ ಅಬು ರಾಶಿದ್ ಕಂದೂರವನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಏರಿಯ ಮೇಲೆ ಬಂದರು. ಆ ಉದ್ದನೆಯ ಬಿಳಿ ಅಂಗಿಯ ಅಂಚೆಲ್ಲ ಕೆಸರಾಗಿತ್ತು. ನೀರು ಯಾವತ್ತೂ ಎದುರಿನ ಬಂಡೆಯ ಕಡೆಗೇ ಹೋಗುತ್ತದೆ, ಮನೆಗಳ ಹತ್ತಿರ ಸುಳಿಯುವುದಿಲ್ಲ ಎಂದು ಕೆಲವು ತಿಂಗಳ ಹಿಂದೆ ಅವರೇ ನನಗೆ ಧೈರ್ಯ ಹೇಳಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಏರಿ ಇಲ್ಲದ ವಾದಿಗೆ.

"ಮನೆ ಬಾಗಿಲಿಗೆ ನೀರು ಬಂತು," ಎಂದರು ಗಲ್ಫಿನ ಹಿಂದಿಯಲ್ಲಿ. "ನನ್ನ ಸೊಸೆ ಬಾಣಂತಿ. ಏಳಲಾರದ ಮುದುಕಿಯರಿದ್ದಾರೆ. ಏನಾದರೂ ಮಾಡು."

ಫೆಲಿಕ್ಸ್ ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, "ಸರ್, ಪೈಪ್ ಬಿಡಿಸ್ಲಿಕ್ಕೆ ಆಗುದಿಲ್ಲ. ಅಲ್ಲಿ ಇಳಿದವ ವಾಪಸ್ ಬರುದಿಲ್ಲ. ಎಂತ ಮಾಡುದು?" ಎಂದು ಕೇಳಿದರು.

"ಏರಿ ಕಡಿಯೂದ್ರಿ," ಎಂದೆ.

"ಎಲ್ಲಿ ಕಡಿಯುದು? ಕಲ್ವರ್ಟಿನ ಹತ್ರ ಮೆಷಿನ್ ಹೋಗ್ಲಿಕ್ಕೆ ಜಾಗ ಇಲ್ಲ. ಮೆಷಿನ್ ನಿಲ್ಲುದು ಆ ತೋಟದ ಎದುರಿಗೆ ಮಾತ್ರ."

ತೊಡಕು ಅಲ್ಲೇ ಇತ್ತು. ಅಲ್ಲಿ ಕಡಿದರೆ ನೀರೆಲ್ಲ ನೇರವಾಗಿ ಕೆಳಗಿನ ತೋಟಕ್ಕೆ ನುಗ್ಗುತ್ತದೆ. ತೋಟದಲ್ಲಿ ಜನ ಇದ್ದಾರೆಯೇ ಎಂದು ಮೊದಲು ಒಬ್ಬನನ್ನು ಓಡಿಸಿ ನೋಡಿಸಿದೆ. ಅಲ್ಲಿದ್ದ ಒಬ್ಬನೇ ಕೆಲಸಗಾರ ಆಗಲೇ ಮೇಲೆ ಬಂದಿದ್ದ. ಇನ್ನು ಉಳಿದದ್ದು ಒಪ್ಪಿಗೆ. ಆ ಬೆಟ್ಟಗಳ ನಡುವೆ ಆಗ ಮೊಬೈಲ್ ಸಿಗ್ನಲ್ ಇರಲಿಲ್ಲ. ಕ್ಯಾಂಪಿನ ಲ್ಯಾಂಡ್‌ಲೈನಿನಿಂದ ದೇರಾದ ಕಚೇರಿಗೆ ಫೋನ್ ಮಾಡಿದೆ. ಮ್ಯಾನೇಜರ್ ಒಂದು ಮೀಟಿಂಗಿಗೆ ಅಬುಧಾಬಿಗೆ ಹೋಗಿದ್ದರು. ಫೋನ್ ಎತ್ತಿದವರು ಸಂದೇಶ ತಲುಪಿಸುತ್ತೇನೆ ಎಂದರು.

ಹಿಂತಿರುಗಿ ಬಂದು ಅಬು ರಾಶಿದರನ್ನು ಕೇಳಿದೆ. "ಅಲ್ಲಿ ಕಡಿಯಬೇಕು. ತೋಟ ಹೋಗುತ್ತದೆ."

ಅವರು ತೋಟದ ಕಡೆ ನೋಡಿದರು. "ಅದು ನನ್ನದಲ್ಲ. ನನ್ನ ತಮ್ಮ ಹಮದ್‌ನದು. ಅವನು ಊರಲ್ಲಿಲ್ಲ. ಅವನ ಪರವಾಗಿ ನಾನು ಹೂಂ ಅನ್ನಲಾರೆ."

"ಹಾಗಾದರೆ ಬೇಡ ಅನ್ನುತ್ತೀರಾ?"

ಅವರು ತಿರುಗಿ, ಮನೆಗಳ ಕಡೆ ಬೇಗಬೇಗ ನಡೆದುಬಿಟ್ಟರು. ಅವರನ್ನು ನಾನು ಇವತ್ತಿಗೂ ತಪ್ಪುಗಾರ ಎನ್ನುವುದಿಲ್ಲ. ತನ್ನದಲ್ಲದ್ದನ್ನು ಕೊಡಲು ಯಾರಿಗೂ ಬರುವುದಿಲ್ಲ. ನನ್ನ ಹತ್ತಿರವೂ ಕೊಡಲು ನನ್ನದೆಂಬುದು ಏನೂ ಇರಲಿಲ್ಲ. ರಸ್ತೆ ಸರ್ಕಾರದ್ದು, ಯಂತ್ರ ಕಂಪನಿಯದು, ತೋಟ ಹಮದ್‌ನದು.

ಮನೆಗಳ ಕಡೆ ಹೆಂಗಸರು ಮಕ್ಕಳನ್ನೆತ್ತಿಕೊಂಡು ಮಾಳಿಗೆ ಹತ್ತುತ್ತಿದ್ದುದು ಕಾಣುತ್ತಿತ್ತು. ಅವು ಸಿಮೆಂಟ್ ಬ್ಲಾಕಿನ ಹಳೆಯ ಮನೆಗಳು. ನೀರಿನಲ್ಲಿ ನಿಂತ ಗೋಡೆ ಆ ಭಾರವನ್ನು ಎಷ್ಟು ಹೊತ್ತು ತಡೆದೀತು ಎಂಬುದು ನನಗೆ ಗೊತ್ತಿತ್ತು.

"ಫೆಲಿಕ್ಸ್, ಕಡೀರಿ," ಎಂದೆ. "ನಾನು ಹೇಳೇನಿ ಅಂತ ಎಲ್ಲಾರ ಮುಂದ ಹೇಳ್ರಿ."

ಅವರು ಆಪರೇಟರನನ್ನು ಕರೆಯಲಿಲ್ಲ. ಶಿಲುಬೆಯ ಗುರುತು ಮಾಡಿಕೊಂಡು, ತಾವೇ ಎಕ್ಸ್‌ಕವೇಟರ್ ಹತ್ತಿದರು. ಹೊಸ ಡಾಂಬರು ಬಕೆಟಿನ ಹಲ್ಲಿಗೆ ಚಪ್ಪಡಿ ಚಪ್ಪಡಿಯಾಗಿ ಎದ್ದುಬಂತು. ಅದರಡಿಯ ಮಣ್ಣನ್ನು ನಾವು ರೋಲರ್ ಓಡಿಸಿ ಬಹಳ ಚೆನ್ನಾಗಿ ದಮ್ಮಸು ಮಾಡಿದ್ದೆವು. ಬೇಗ ಬಿಡಲಿಲ್ಲ. ಮೊದಲು ಒಂದು ಕಾಲುವೆಯಷ್ಟು ನೀರು ದಾಟಿತು. ಆಮೇಲೆ ಎರಡೂ ಬದಿಯ ಮಣ್ಣನ್ನು ತಾನೇ ತಿನ್ನುತ್ತ ಅಗಲವಾಯಿತು. ನಾನು ಕೈ ಬೀಸಿ ಕೂಗಿದೆ. ಫೆಲಿಕ್ಸ್ ಯಂತ್ರವನ್ನು ಹಿಂದಕ್ಕೆ ತೆಗೆದದ್ದೂ ಅದು ನಿಂತಿದ್ದ ಅಂಚು ಕುಸಿದದ್ದೂ ಹೆಚ್ಚುಕಡಿಮೆ ಒಟ್ಟಿಗೇ ಆಯಿತು. ಅವರು ಇಳಿದು ಬಂದು, "ಮಾರಾಯ್ರೆ, ಇನ್ನೊಮ್ಮೆ ಹೇಳ್ಬೇಡಿ ಇಂಥಾದ್ದು," ಎಂದು ನೆಲದ ಮೇಲೇ ಕುಳಿತುಬಿಟ್ಟರು.

ಹಳ್ಳಿಯ ಕಡೆಯ ನೀರು ಇಳಿಯಿತು. ಮನೆಗಳೊಳಗೆ ಕೆಸರು ನಿಂತಿತ್ತು, ಒಂದು ಕಾಂಪೌಂಡ್ ಗೋಡೆ ಬಿದ್ದಿತ್ತು, ಆಡುಗಳು ಹೋಗಿದ್ದವು. ಜನ ಯಾರೂ ಸಾಯಲಿಲ್ಲ. ಕೆಳಗಿನ ತೋಟ ಮಾತ್ರ ಇರಲಿಲ್ಲ. ನಾಲ್ಕಾರು ಮರಗಳು ಓರೆಯಾಗಿ ನಿಂತಿದ್ದವು. ಉಳಿದ ಕಡೆಯೆಲ್ಲ ಕಲ್ಲು ಹರಡಿತ್ತು. ಬಾವಿಯ ಜಾಗವೂ ಗುರುತು ಸಿಗದಂತಾಗಿತ್ತು.

ಮರುದಿನ ಮ್ಯಾನೇಜರ್ ಬಂದರು. ಕಡಿದ ಜಾಗದ ಅಂಚಿನಲ್ಲಿ ಬಹಳ ಹೊತ್ತು ನಿಂತು ಹಳ್ಳಿಯನ್ನೂ ತೋಟವನ್ನೂ ನೋಡಿದರು. ಕೆಲಸ ಹೋಯಿತೆಂದೇ ನಾನು ಅಂದುಕೊಂಡಿದ್ದೆ. "ಹೊಸ ಡ್ರಾಯಿಂಗ್ ಮಾಡು. ತಗ್ಗು ಎಲ್ಲಿ ಬೇಕೋ ತೋರಿಸು," ಎಂದಷ್ಟೇ ಹೇಳಿ ಕಾರು ಹತ್ತಿದರು. ಆ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಲಿಲ್ಲ.

ಹಮದ್ ಬಂದದ್ದು ಅದಾದ ಕೆಲವು ದಿನಗಳಿಗೆ. ನನಗಿಂತ ಸ್ವಲ್ಪವೇ ಹಿರಿಯ, ಗಟ್ಟಿಮುಟ್ಟಾದ ಮನುಷ್ಯ. ತೋಟ ಅವರ ತಂದೆ ನೆಟ್ಟದ್ದು. ಅಣ್ಣನ ಜೊತೆ ಸೈಟಿಗೆ ಬಂದವರು ಕೂಗಾಡಲಿಲ್ಲ. ಕಂಪನಿ ಪರಿಹಾರ ಕೊಡುತ್ತದೆ, ಜಾಗ ಸಮ ಮಾಡಿಕೊಡುತ್ತೇವೆ ಎಂದು ನಾನು ಶುರುಮಾಡಿದಾಗ ಕೈಯೆತ್ತಿ ತಡೆದರು.

"ನನ್ನ ಅಣ್ಣನ ಮಕ್ಕಳು ಮಾಳಿಗೆ ಮೇಲಿದ್ದರು. ನಾನಿದ್ದರೂ ಕಡಿ ಅಂತಲೇ ಹೇಳುತ್ತಿದ್ದೆ," ಎಂದರು. "ಆದರೆ ರಸ್ತೆ ಹಾಕುವಾಗ ಇಡೀ ಬೇಸಿಗೆ ನಾನು ಇಲ್ಲೇ ಇದ್ದೆ. ನಿಮ್ಮ ಜನಕ್ಕೆ ನನ್ನ ಬಾವಿಯಿಂದಲೇ ನೀರು ಕೊಟ್ಟೆ. ಆಗ ಯಾಕೆ ಕೇಳಲಿಲ್ಲ?"

ಅಬು ರಾಶಿದ್ ತಮ್ಮನ ಹೆಗಲ ಮೇಲೆ ಕೈಯಿಟ್ಟರು. ಹಮದ್ ಆ ಕೈಯನ್ನು ಮೆಲ್ಲಗೆ ಸರಿಸಿ, ಕಲ್ಲು ಹಾಸಿದ ತೋಟದೊಳಗೆ ಒಬ್ಬರೇ ನಡೆದುಹೋದರು. ನಾನು ಅಲ್ಲಿಂದ ವರ್ಗವಾಗುವ ತನಕ ಎದುರು ಸಿಕ್ಕಾಗ ಸಲಾಂ ಹೇಳುತ್ತಿದ್ದರು. ಕಾಫಿಗೆ ಕರೆಯಲಿಲ್ಲ.

ಆಮೇಲೆ ಎಮಿರೇಟ್ಸಿನಲ್ಲಿ ಇನ್ನೂ ಹಲವು ವರ್ಷ ಕೆಲಸ ಮಾಡಿದೆ, ಹಲವು ವಾದಿಗಳನ್ನು ದಾಟಿಸಿದೆ. ಮೋಡ ನೋಡುವುದು, ಜನರನ್ನು ಮೇಲೆ ಹತ್ತಿಸುವುದು, ಯಂತ್ರ ಸರಿಸುವುದು ಯಾವ ಕಂಪನಿಯಾದರೂ ಕಲಿಸುವ ವಿದ್ಯೆ. ಆ ಹಳ್ಳಿಯ ಕೆಲಸ ನನಗೆ ಕಲಿಸಿದ್ದು ಬೇರೆ. ಕೆಟ್ಟ ಗಳಿಗೆಯಲ್ಲಿ ಯಾರ ನೆಲಕ್ಕೆ ನೀರು ಬಿಡುತ್ತೇವೆ ಎಂಬುದನ್ನು ನೆಲ ಒಣಗಿರುವಾಗಲೇ ಗೊತ್ತುಮಾಡಿಕೊಳ್ಳಬೇಕು. ಗೊತ್ತುಮಾಡಿಕೊಂಡು, ಆ ಮನುಷ್ಯನ ಬಾಗಿಲಿಗೆ ಹೋಗಿ ಕೇಳಬೇಕು. ಮುಂದಿನ ಪ್ರತಿಯೊಂದು ಸೈಟಿನಲ್ಲೂ ಮೊದಲ ಬಕೆಟ್ ಮಣ್ಣು ಬೀಳುವ ಮುಂಚೆ ನಾನು ಏರಿಯ ಕೆಳಗಡೆ ಇರುವ ಮನೆಗಳಿಗೆ ಹೋಗಿ ಕೂತಿದ್ದೇನೆ. ಕೆಲವರು ಬೈದಿದ್ದಾರೆ, ಒಬ್ಬರು ನಾಯಿ ಬಿಟ್ಟಿದ್ದಾರೆ. ಹೆಚ್ಚಿನವರು ಯೋಚಿಸಿ, ಹೂಂ ಎಂದಿದ್ದಾರೆ.