ಕಾರಿನೊಳಗಿನ ರೊಟ್ಟಿ ಹಂಚು

ನಮ್ಮ ಮನೆಯ ಎದುರಿಗೆ ಗೇಟು, ಗ್ರಿಲ್ಲು ಮಾಡುವ ಅಂಗಡಿಯೊಂದು ಬಂದು ಆರು ತಿಂಗಳಾಯಿತು. ಓಣಿಯವರೆಲ್ಲ ಅದರ ಸದ್ದಿಗೆ ಶಾಪ ಹಾಕುತ್ತಾರೆ. ನನ್ನ ತೊಂದರೆ ಬೇರೆ. ವೆಲ್ಡಿಂಗಿನ ಸುಟ್ಟ ವಾಸನೆ ಕಿಟಕಿಯಿಂದ ಒಳಗೆ ಬಂದರೆ ಸಾಕು, ನನಗೆ ಜೋಳದ ರೊಟ್ಟಿ ತಿನ್ನಬೇಕೆನಿಸುತ್ತದೆ. ಹೊಟ್ಟೆ ತುಂಬ ಉಂಡು ಕೂತಿದ್ದರೂ ಅಷ್ಟೆ. "ನಿಮ್ಮನ್ನ ಯಾರರೆ ಡಾಕ್ಟರಿಗೆ ತೋರಸಬೇಕ್ರಿ" ಎನ್ನುತ್ತಾಳೆ ಹೆಂಡತಿ. ತೋರಿಸಬಹುದು, ಆದರೆ ಡಾಕ್ಟರಿಗೆ ಏನೆಂದು ಹೇಳುವುದು? ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ನೀವಾದರೆ ಮಾತ್ರೆ ಬರೆದುಕೊಡುವುದಿಲ್ಲ.

ಇವತ್ತು ಮುಂಜಾನೆ ಆ ವಾಸನೆ ಬಂದಾಗ ನಾನು ನಮ್ಮ ಕಾರಿನ ಕಾಗದಪತ್ರ ಹರವಿಕೊಂಡು ಕೂತಿದ್ದೆ. ಕಾರಿಗೆ ಹದಿನೈದು ವರ್ಷ ತುಂಬಿದೆ, ಮತ್ತೆ ತಪಾಸಣೆಗೆ ಒಯ್ಯಬೇಕು. ತಳ ತುಕ್ಕು ಹಿಡಿದು ಒಂದು ಕಡೆ ತೂತು ಬಿದ್ದಿದೆ. ಗುಜರಿಗೆ ಕೊಟ್ಟು ಕೈತೊಳೆದುಕೊಳ್ಳುವುದೆಂದು ನಿನ್ನೆಯಷ್ಟೇ ಗಂಡ ಹೆಂಡತಿ ಕೂಡಿ ತೀರ್ಮಾನಿಸಿದ್ದೆವು. ತೂತಿನ ಮಾತು ಬಂತು ನೋಡಿ, ನನಗೆ ಈರಪ್ಪ ಕಾಕಾ ನೆನಪಾದರು.

ಎಂಬತ್ತರ ದಶಕದಲ್ಲಿ ನಾನು ದುಮ್ಮವಾಡದಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಈರಪ್ಪ ಕಾಕಾ ನನ್ನ ಮನೆಯ ಮಾಲೀಕರು. ಅವರದೊಂದು ಹಿಟ್ಟಿನ ಗಿರಣಿ, ಅದರ ಬಾಜೂಕಿನ ಖೋಲಿ ನನ್ನದು, ಹಿಂದಿನ ಹಿತ್ತಲು ಅವರ ಕಾರಿನದು. ಊರಿಗೆ ಇದ್ದ ಒಂದೇ ಟ್ಯಾಕ್ಸಿ ಅದು. ಬಾಣಂತನಕ್ಕೆ ಧಾರವಾಡಕ್ಕೆ ಹೋಗುವವರು, ಅಳ್ನಾವರದಲ್ಲಿ ರೈಲು ಹಿಡಿಯುವವರು ಎಲ್ಲರಿಗೂ ಅದೇ ಗತಿ. ಚಾಲಕರ ಕಾಲ ಬಳಿ ತಳವೇ ಇರಲಿಲ್ಲ. ಓಡುವಾಗ ಕೆಳಗೆ ರಸ್ತೆ ಹಿಂದಕ್ಕೆ ಹೋಗುವುದು ಕಾಣುತ್ತಿತ್ತು. "ಗಾಡಿ ಎಷ್ಟ ಜೋರ ಹೊಂಟೈತಿ ಅಂತ ಮೀಟರ ನೋಡೂದ ಬ್ಯಾಡ ನನಗ" ಎಂದು ಕಾಕಾ ಅದನ್ನೂ ಒಂದು ಸೌಕರ್ಯವೆಂಬಂತೆ ಹೇಳುತ್ತಿದ್ದರು.

ಕಾಕಾನ ಹೆಂಡತಿ ನೀಲವ್ವ ಕಾಕುಗೆ ಈ ತಮಾಷೆ ರುಚಿಸುತ್ತಿರಲಿಲ್ಲ. ಹಿಂದಿನ ವರ್ಷ ಅಳ್ನಾವರದ ಸ್ಟೇಷನ್ನಿನ ಮುಂದೆ ಗಾಡಿ ಕೆಟ್ಟು ನಿಂತಾಗ, ತವರಿನವರೆಲ್ಲ ನೋಡುತ್ತಿದ್ದಂತೆ ಅವರು ಇಳಕಲ್ಲ ಸೀರೆಯಲ್ಲಿ ಅದನ್ನು ದೂಡಿದ್ದರು. ಮರುವರ್ಷದ ಪಾಸಿಂಗ್, ಅಂದರೆ ಗಾಡಿ ರಸ್ತೆಗೆ ಯೋಗ್ಯವೆಂದು ಸರಕಾರದ ಠಸ್ಸೆ ಒತ್ತಿಸಿಕೊಳ್ಳುವ ತಪಾಸಣೆ, ಒಂದು ಸೋಮವಾರಕ್ಕೆ ಗೊತ್ತಾಯಿತು. ಕಾಕು ಮುಲಾಜಿಲ್ಲದೆ ಹೇಳಿದರು: "ಪಾಸಾದ್ರ ಇರಲಿ. ಆಗಲಿಲ್ಲಂದ್ರ ಧಾರವಾಡದಾಗ ಗುಜರಿಗೆ ಹಾಕಿ ಬಸ್ಸಿಗೆ ಬರೂಣು. ನಾನೂ ಬರ್ತೇನಿ, ಕಣ್ಲೇ ನೋಡಾಕ."

ಕಾಕಾ "ಹೂಂ" ಎಂದರು. ಅವರ ಮುಖ ನೋಡಿ ನನಗೇ ಕೆಟ್ಟೆನಿಸಿತು. ಮಕ್ಕಳಿಲ್ಲದ ಮನುಷ್ಯ, ಆ ಗಾಡಿಗೆ ಬೆಳಿಗ್ಗೆ ಎದ್ದು ಮೈ ತೊಳೆಯುತ್ತಿದ್ದರು.

ಅದರ ಹಿಂದಿನ ಶುಕ್ರವಾರ ಕಾಕು ಅಕ್ಕನ ಬಸುರಿ ಮಗಳ ಕುಬಸಕ್ಕೆಂದು ತಂಬೂರಕ್ಕೆ ಹೋದರು. ನಮ್ಮಿಬ್ಬರಿಗೂ ಎರಡು ದಿನಕ್ಕಾಗುವಷ್ಟು ಖಡಕ್ ರೊಟ್ಟಿ ಮಾಡಿಟ್ಟಿದ್ದರು. ಅವರು ಹೋದದ್ದೇ ತಡ, ಕಾಕಾ ಕಲಘಟಗಿಯಿಂದ ವೆಲ್ಡಿಂಗ್ ಮಷೀನನ್ನು ಕಡ ತಂದರು. ಚಕ್ಕಡಿಯಲ್ಲಿ ಬಂದ ಅದನ್ನು ಗಿರಣಿಯ ಲೈನಿಗೇ ಜೋಡಿಸಿದೆವು. ಕಾಕಾ ಕಡ್ಡಿ ತಾಗಿಸಿದಾಗಲೆಲ್ಲ ಒಳಗೆ ಗಿರಣಿ ನರಳುತ್ತಿತ್ತು. ಜೋಳದ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ಹಿತ್ತಲಿಗೆ ಇಣುಕಿ, "ಕಾಕಾ, ನಮ್ಮ ಹಿಟ್ಟ ಬೀಸೂದ ಬಿಟ್ಟ ಗಾಡಿ ಬೀಸಾಕತ್ತೀರೇನ್ರಿ?" ಎಂದು ಕೇಳಿ ಹೋದಳು.

ಕಾಕಾ ವೆಲ್ಡಿಂಗ್ ಕಲಿತದ್ದು ಬೇರೆಯವರು ಮಾಡುವುದನ್ನು ನಿಂತು ನೋಡಿ. ನನ್ನ ಜ್ಞಾನ ಪಠ್ಯಪುಸ್ತಕದ್ದು. ಇಬ್ಬರೂ ಸೇರಿ ಎಣ್ಣೆ ಡಬ್ಬಿಯನ್ನು ಕತ್ತರಿಸಿ ತೂತಿಗೆ ಇಟ್ಟೆವು. ಕಡ್ಡಿ ತಾಗಿದ ಕಡೆಯಲ್ಲೆಲ್ಲ ತಗಡು ಕರಗಿ ಬಿತ್ತು. ಒಂದು ತೂತು ಇದ್ದದ್ದು ನಾಲ್ಕಾಯಿತು. ನಾನು ಗಂಭೀರವಾಗಿ, "ಕಾಕಾ, ತಗಡ ತೆಳ್ಳಗಾತ್ರಿ. ದಪ್ಪ, ಅಗಲ ಕಬ್ಬಿಣ ಬೇಕು" ಎಂದೆ. ವಿಜ್ಞಾನದ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡು, ಮುಂದಿನ ಮಡ್‌ಗಾರ್ಡ್ ಸಡಿಲಾಗಿದ್ದನ್ನು ನಾನೇ ಬೆಸೆಯುತ್ತೇನೆಂದು ಕೂತೆ. ಕರಿ ಗಾಜು ಹಿಡಿದರೆ ಏನೂ ಕಾಣುವುದಿಲ್ಲವೆಂದು ಗಾಜು ಬದಿಗಿಟ್ಟೆ. ಮಕ್ಕಳಿಗೆ ಗ್ರಹಣ ಬರಿಗಣ್ಣಿನಿಂದ ನೋಡಬೇಡಿ ಎಂದು ಪಾಠ ಮಾಡುವವನು ನಾನೇ. ಸಂಜೆಯ ಹೊತ್ತಿಗೆ ಕಣ್ಣಲ್ಲಿ ಉಸುಕು ತುಂಬಿದಂತಾಗಿ, ಹಸಿ ಬಟಾಟೆಯ ಹೋಳು ಇಟ್ಟುಕೊಂಡು ಮಲಗಿದೆ.

ಆದ್ದರಿಂದ, ಮರುದಿನ ಕಾಕಾ ಆ ದಪ್ಪ, ಅಗಲ ಕಬ್ಬಿಣವನ್ನು ಎಲ್ಲಿಂದ ತಂದರೆಂದು ನಾನು ನೋಡಲಿಲ್ಲ ಎಂದರೆ ನೀವು ನಂಬಬಹುದು. ಪೂರ್ತಿ ನಂಬಬೇಡಿ. ಕಡ್ಡಿ ತಾಗಿಸಿದೊಡನೆ ಹೊಗೆ ಎದ್ದಿತು, ಹೊಗೆಯ ಜೊತೆ ರೊಟ್ಟಿ ಸುಟ್ಟ ವಾಸನೆ ಹಿತ್ತಲ ತುಂಬ ಹರಡಿತು. ನನಗೆ ಬಾಯಲ್ಲಿ ನೀರು ಬಂತು. ಕೆಂಪು ಕಣ್ಣು ತೆರೆದು ನೋಡಿದೆ. ಕಾಕು ಮೂವತ್ತು ವರ್ಷ ರೊಟ್ಟಿ ಬೇಯಿಸಿದ ಹಂಚು. ಮದುವೆಯಲ್ಲಿ ತವರಿನಿಂದ ತಂದದ್ದು. ಕಾಕಾ ನನ್ನ ಕಡೆ ನೋಡಿದರು. "ಹೊಸಾದ ಕೊಡಸ್ತೇನಿ ತಗೋರಿ ಮಾಸ್ತರ" ಎಂದರು, ಹಂಚು ನನ್ನದೇ ಎಂಬಂತೆ. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ಇವತ್ತಿಗೂ ನಾಚಿಕೆಯಿದೆ.

ಹಿಂದಿನ ರಾತ್ರಿ ತಡವಾಗಿ ಮರಳಿದ್ದ ಕಾಕು ಸೋಮವಾರ ನಸುಕಿನಲ್ಲಿ ಬುತ್ತಿಗೆ ಹಿಟ್ಟು ನಾದಿಟ್ಟು ಹಂಚು ಹುಡುಕಿದರು. ಕಾಕಾ ಟೈರಿಗೆ ಗಾಳಿ ನೋಡುವುದರಲ್ಲಿ ಮುಳುಗಿದ್ದರು, ನಾನು ವಾರದ ಹಿಂದಿನ ಪೇಪರಿನಲ್ಲಿ. ಸಿಗದೆ ಬೇಸತ್ತು, ಗಾಡಿಯ ಪೂಜೆಯಾದರೂ ಮುಗಿಯಲೆಂದು ವಿಭೂತಿ ಹಿಡಿದು ಹಿತ್ತಲಿಗೆ ಬಂದ ಕಾಕು, ಕಾರಿನ ಬಾಗಿಲು ತೆಗೆದು ಅಲ್ಲೇ ನಿಂತುಬಿಟ್ಟರು.

"ಹಂಚ ಅಲ್ಲೇನ್ರಿ ಇದು?"

ಕಾಕಾ ಇನ್ನೊಂದು ಟೈರಿನ ಕಡೆ ಸರಿದರು.

"ಅನ್ನ ಹುಟ್ಟೂ ಜಾಗಾದ ಮ್ಯಾಲ ಕಾಲ ಇಡ್ತೀರಿ? ಇಬ್ಬರಿಗೂ ತಿಳೀಲಿಲ್ಲ? ಮಾಸ್ತರ, ನಿಮಗೂ?"

ಅವರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕಣ್ಣಲ್ಲಿ ನೀರು ತುಂಬಿತ್ತು. ಬಗ್ಗಿ, ಹಂಚನ್ನು ಸೆರಗಿನಿಂದ ಒರೆಸಿ, ವಿಭೂತಿಯ ಮೂರು ಪಟ್ಟೆ ಎಳೆದು, ಮುಟ್ಟಿ ಹಣೆಗೆ ಹಚ್ಚಿಕೊಂಡರು. ಆಮೇಲೆ ಹೇಳಿದ್ದು ಒಂದೇ ಮಾತು: "ಇದರ ಮ್ಯಾಲ ಚಪ್ಪಲಿ ಹಾಕ್ಕೊಂಡ ಯಾರೂ ಕಾಲ ಇಡಬಾರದು." ಕಾಕಾ ಚಪ್ಪಲಿಯನ್ನು ಹಿತ್ತಲಲ್ಲೇ ಬಿಟ್ಟು, ಧಾರವಾಡದವರೆಗೆ ಬರಿಗಾಲಲ್ಲಿ ಗಾಡಿ ಓಡಿಸಿದರು. ಶಾಲೆಗೆ ರಜೆ ಹಾಕಿ ನಾನೂ ಹಿಂದೆ ಕೂತಿದ್ದೆ. ಬುತ್ತಿ ಮಾತ್ರ ಇರಲಿಲ್ಲ.

ಪಾಸಿಂಗಿನ ಮೈದಾನದಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಕೈಯಲ್ಲಿ ಸಣ್ಣ ಸುತ್ತಿಗೆ ಹಿಡಿದು ಬಂದರು. ನಮಗಿಂತ ಮುಂದಿದ್ದ ಎರಡು ಗಾಡಿಗಳನ್ನು ಆಗಲೇ ವಾಪಸು ಕಳಿಸಿದ್ದರು. ಓಡಿಸಿ ನೋಡಲೆಂದು ಬಾಗಿಲು ತೆಗೆದು ಬೂಟುಗಾಲು ಎತ್ತಿದರು.

"ಸಾಹೇಬ್ರ, ಬೂಟ ಬಿಚ್ಚರ್ರಿ" ಎಂದರು ಕಾಕು.

ಕಾಕಾ ಕಣ್ಣು ಮುಚ್ಚಿಕೊಂಡರು. ಗಾಡಿ ಗುಜರಿಗೆ ಹೋಯಿತೆಂದೇ ನಾನೂ ತಿಳಿದೆ. ಕಾಕುಗೆ ಬೇಕಾದದ್ದೂ ಅದೇ ಅಲ್ಲವೇ ಎಂದೂ ಒಂದು ಕ್ಷಣ ಅನ್ನಿಸಿತು. ಸಾಹೇಬರು ಕೆಳಗೆ ನೋಡಿದರು. ವಿಭೂತಿ ಹಚ್ಚಿದ ದುಂಡನೆಯ ಕರಿ ಕಬ್ಬಿಣ.

"ಏನ ಇದು?"

"ನನ್ನ ರೊಟ್ಟಿ ಹಂಚರಿ. ಮೂವತ್ತ ವರ್ಷ ಬೆಂಕಿ ಉಂಡೈತಿ, ಒಂದ ಸೀಳ ಬಿಟ್ಟಿಲ್ಲ. ಬೇಕಾದ್ರ ಬಡದ ನೋಡ್ರಿ. ಖರೆ, ಬೂಟಗಾಲ ಮಾತ್ರ ಇಡಬ್ಯಾಡ್ರಿ."

ಸಾಹೇಬರು ಬಡಿದರು. ಹಂಚು ಖಣ್ ಎಂದಿತು. ಅವರು ಸುತ್ತಿಗೆ ಕೆಳಗಿಟ್ಟು, ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದರು. ಅವರ ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಬಂದಿತ್ತು. ಮೈದಾನದ ಸುತ್ತ ಒಂದು ಸುತ್ತು ಹೊಡೆದು ಬಂದು ನಿಲ್ಲಿಸಿದಾಗ, ಮುಂದಿನ ಮಡ್‌ಗಾರ್ಡ್ ಕಳಚಿ ನೆಲಕ್ಕೆ ಬಿತ್ತು.

"ಇದನ್ನ ಹಚ್ಚಿದವರ ಯಾರು?"

ಕಾಕಾ, ಕಾಕು ಇಬ್ಬರೂ ಒಟ್ಟಿಗೆ ನನ್ನ ಕಡೆ ಬೆರಳು ಮಾಡಿದರು. ಆ ದಿನ ಅವರು ಒಬ್ಬರಿಗೊಬ್ಬರು ಒಪ್ಪಿದ ಮೊದಲ ವಿಷಯ ಅದು. ಸಾಹೇಬರು ನಕ್ಕು, ಸಂಜೆ ನಾಲ್ಕರೊಳಗೆ ಗಟ್ಟಿಯಾಗಿ ಬೆಸೆಸಿ ತಂದರೆ ಠಸ್ಸೆ ಒತ್ತುತ್ತೇನೆಂದರು.

ಪಾಸಾಗಲಿಲ್ಲ ಎಂದು ಗುಜರಿಗೆ ಹೊರಡಬಹುದಿತ್ತು. ಕರಾರು ಹಾಗೇ ಇತ್ತು. ಕಾಕಾ ಹೆಂಡತಿಯ ಮುಖ ನೋಡುತ್ತ ನಿಂತರು. ಕಾಕು ಬಿದ್ದ ಮಡ್‌ಗಾರ್ಡನ್ನು ತಾವೇ ಎತ್ತಿ ಸೊಂಟಕ್ಕೆ ಅವುಚಿಕೊಂಡು, "ನಡೀರಿ, ಹಚ್ಚಿಸ್ಕೊಂಡ ಬರೂಣು. ನನ್ನ ಹಂಚ ಐತಿ ಅದರಾಗ" ಎಂದರು.

ನಾಲ್ಕಕ್ಕೆ ಠಸ್ಸೆ ಬಿತ್ತು. ಕಾಕಾ ಅಂದೇ ಧಾರವಾಡದ ಪೇಟೆಯಲ್ಲಿ ಹೊಸ ಹಂಚು ಕೊಡಿಸಿದರು. ಅದರ ರೊಟ್ಟಿಗೆ ಆ ರುಚಿಯಿಲ್ಲವೆಂದು ಕಾಕು ದಿನಾ ಹೇಳುತ್ತಿದ್ದರು, ಕಾಕಾ ತಲೆಬಗ್ಗಿಸಿ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು. ನನಗೆ ವರ್ಗವಾಗಿ ಆ ಊರು ಬಿಡುವವರೆಗೆ ಅವರು ಗಾಡಿ ಓಡಿಸಿದ್ದು ಬರಿಗಾಲಲ್ಲೇ.

ಇಷ್ಟು ನೆನೆಯುವಷ್ಟರಲ್ಲಿ ಕಾಗದಪತ್ರ ಮಡಚಿಟ್ಟು ನಾನು ಎದ್ದಿದ್ದೆ. ಕಾರನ್ನು ಎದುರಿನ ಅಂಗಡಿಗೆ ಒಯ್ದು ತೂತು ತೋರಿಸಿದೆ. "ಏನ ಮಾಡಸಾಕತ್ತೀರಿ?" ಎಂದು ಬಾಗಿಲಿಗೆ ಬಂದ ಹೆಂಡತಿ, ಕಾಕುವಿನ ಹಂಚಿನ ಕಥೆ ಮೊದಲೇ ಕೇಳಿದ್ದವಳು, ವಿಷಯ ಗೊತ್ತಾದೊಡನೆ ಒಳಗೆ ಹೋಗಿ ಅಡಿಗೆಮನೆಯಲ್ಲಿ ಹಂಚು ಇದೆಯೇ ಎಂದು ನೋಡಿಬಂದಳು. ನಾನು ಮುಟ್ಟಿರಲಿಲ್ಲ. ಅಂಗಡಿಯವರು ಒಳ್ಳೆಯ ದಪ್ಪ ತಗಡು ಇಟ್ಟು ಬೆಸೆದುಕೊಟ್ಟರು.

ಮಧ್ಯಾಹ್ನ ಕಾರು ತಂದು ಮನೆಯ ಮುಂದೆ ನಿಲ್ಲಿಸಿ ಕೆಳಗಿಳಿದಾಗ ನೆಲ ಕಾಲು ಸುಟ್ಟಿತು. ತಿರುಗಿ ನೋಡಿದೆ. ನನ್ನ ಚಪ್ಪಲಿ ಅಂಗಡಿಯ ಮುಂದೆ, ಕಾರು ಹತ್ತಿದಲ್ಲೇ ಉಳಿದಿದ್ದವು.